ಯಾರ ಹೋಟೆಲು ಮುಚ್ಚಿತು?

ಬೆಂಗಳೂರಿನಲ್ಲಿ ಒಂದು ಹಳೆಯ ಹೋಟೆಲು ಬಾಗಿಲು ಹಾಕಿತೆಂದರೆ ನಮ್ಮ ಪತ್ರಿಕೆಗಳಿಗೆ ಸೂತಕ ಹತ್ತುತ್ತದೆ. ಮೊದಲ ದಿನ ಸುದ್ದಿ, ಮುಂದಿನ ಭಾನುವಾರ ಪುರವಣಿಯಲ್ಲಿ ಅರ್ಧ ಪುಟದ ಲೇಖನ, ಅದರ ನಡುವೆ ನೊರೆ ತುಂಬಿದ ಸ್ಟೀಲ್ ಲೋಟದ ಚಿತ್ರ. ಲೇಖಕರು ತಮ್ಮ ಕಾಲೇಜಿನ ದಿನಗಳನ್ನು ನೆನೆಯುತ್ತಾರೆ, ಬೈಟು ಕಾಫಿಯನ್ನು ನೆನೆಯುತ್ತಾರೆ, ಅಲ್ಲಿ ಕೂತು ನಡೆಸಿದ ಸಾಹಿತ್ಯದ ಚರ್ಚೆಗಳನ್ನೂ ಮಾಣಿಯ ಪ್ರೀತಿಯನ್ನೂ ನೆನೆಯುತ್ತಾರೆ. ಕಡೆಯ ಪ್ಯಾರಾದಲ್ಲಿ ಖಳನಾಯಕ ಬರುತ್ತಾನೆ: ಅದೇ ಜಾಗದಲ್ಲಿ ಗಾಜಿನ ಬಾಗಿಲಿನ, ತಣ್ಣನೆ ಗಾಳಿಯ, ಇನ್ನೂರು ರೂಪಾಯಿ ಕಾಫಿಯ ಕಂಪನಿ ಅಂಗಡಿ. ಜೊತೆಗೆ ಡೋನಟ್ ಅನ್ನುವ, ನಡುವೆ ತೂತಿರುವ ಸಿಹಿ ವಡಿ. ಇಂಥದನ್ನು ನಾವು ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಅಳುವವರು ಬೇರೆ ಬೇರೆ, ಅಳು ಒಂದೇ. ಇದೊಂದು ಸಾಹಿತ್ಯ ಪ್ರಕಾರವೇ ಆಗಿ ನಿಂತಿರುವುದರಿಂದ, ಕತೆ ಕವಿತೆಗಳನ್ನು ವಿಮರ್ಶಿಸುವ ಹಾಗೆ ಇದನ್ನೂ ಒಂದು ಸಲ ವಿಮರ್ಶೆಗೆ ಎಳೆಯಬೇಕೆಂದು ನಮಗೆ ಅನ್ನಿಸಿದೆ.

ನಾವು ಅಂದರೆ ಯಾರು ಅನ್ನುವುದನ್ನು ಮೊದಲೇ ಹೇಳಿಬಿಡುವುದು ಒಳ್ಳೇದು. ನಾವು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಕೇರಿಗಳಿಂದ ಬಂದವರು. ಮನೆತನದಲ್ಲಿ ಡಿಗ್ರಿಯ ಕಾಗದವನ್ನು ಮೊದಲ ಸಲ ಕಂಡವರು. ನಮ್ಮ ಅಣ್ಣಂದಿರು, ಕಾಕಾಗಳು ಬೆಂಗಳೂರನ್ನು ಕಂಡದ್ದು ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ನಿಂತು, ಇಲ್ಲವೇ ರಾತ್ರಿ ಬಸ್ಸಿನ ಹಿಂದಿನ ಸೀಟಿನಲ್ಲಿ ಗಂಟುಮೂಟೆಯ ಮೇಲೆ ಕೂತು. ಗುಳೆ ಹೋಗಿ ಗೌಂಡಿ ಕೆಲಸ, ಸೆಂಟ್ರಿಂಗ್ ಕೆಲಸ, ವಾಚ್‌ಮನ್ ಕೆಲಸ ಮಾಡಿದವರು ಅವರು. ಹಳೆಯ ಕಟ್ಟಡ ಕೆಡವಿ ಹೊಸ ಅಂಗಡಿ ಎಬ್ಬಿಸುವಾಗ ಸಿಮೆಂಟಿನ ಪುಟ್ಟಿ ಹೊತ್ತವರಲ್ಲಿ ನಮ್ಮವರೂ ಇದ್ದಾರೆ. ಆದ್ದರಿಂದ ಈ ಬದಲಾವಣೆ ನಮಗೆ ದೂರದ ಸುದ್ದಿಯಲ್ಲ. ಇನ್ನು ಕಾಫಿಯ ವಿಷಯ: ಅದು ನಮ್ಮ ಕಡೆಯ ಕುಡಿಕೆಯೇ ಅಲ್ಲ. ನಮ್ಮದು ಚಹಾ. 'ಚಾ ಆತೇನ್ರಿ?' ಅನ್ನುವುದೇ ನಮ್ಮಲ್ಲಿ ಯೋಗಕ್ಷೇಮದ ಮಾತು. ಆ ಮಾತನ್ನು ಯಾರು ಯಾರಿಗೆ ಕೇಳುತ್ತಾರೆ, ಯಾರಿಗೆ ಕೇಳುವುದಿಲ್ಲ ಅನ್ನುವುದರಲ್ಲೇ ಊರಿನ ಸಮಾಜಶಾಸ್ತ್ರವೆಲ್ಲ ಅಡಗಿದೆ.

ಈ ಸೂತಕದ ಲೇಖನಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಅಲ್ಲಿಗೆ ಎಲ್ಲರೂ ಬರುತ್ತಿದ್ದರು ಅನ್ನುವುದು ಆ ಮಾತು. ಲೇಖಕ ಬರುತ್ತಿದ್ದ, ಗುಮಾಸ್ತ ಬರುತ್ತಿದ್ದ, ವಿದ್ಯಾರ್ಥಿ ಬರುತ್ತಿದ್ದ, ನಾಟಕದವನು ಬರುತ್ತಿದ್ದ. ಭೇದವಿಲ್ಲದ ಲೋಕ, ಈಗ ಹಾಳಾಯಿತು. ವಿಮರ್ಶೆಯ ಕೆಲಸವೆಂದರೆ ಇಂಥ ಶಬ್ದವನ್ನು ಹಿಡಿದು ನಿಲ್ಲಿಸಿ ಕೇಳುವುದು. ಈ 'ಎಲ್ಲರೂ' ಎಂಬುದರಲ್ಲಿ ಯಾರು ಯಾರು ಇದ್ದರು?

1924ರಲ್ಲಿ ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ಶುರುವಾಗಿ ಇವತ್ತು ಎಂ.ಟಿ.ಆರ್. ಎಂದು ಲೋಕಕ್ಕೆಲ್ಲ ಗೊತ್ತಿರುವ ಹೋಟೆಲಿಗೆ ಆಗ ಇದ್ದ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅದು ಆ ಕಾಲದ ರೂಢಿ ಎಂದು ಬಿಡೋಣ. ಸಂವಿಧಾನ ಜಾರಿಗೆ ಬಂದು 15 ವರ್ಷವಾದ ಮೇಲೆ, 1965ರಲ್ಲಿ, ಶಂಕರಪುರದಲ್ಲಿ ಆರಂಭವಾದದ್ದು ಬ್ರಾಹ್ಮಿನ್ಸ್ ಕಾಫಿ ಬಾರ್. ಇವತ್ತು ಅಲ್ಲಿ ಯಾರು ಬೇಕಾದರೂ ಬೀದಿಯಲ್ಲಿ ನಿಂತು ಇಡ್ಲಿ ತಿನ್ನಬಹುದು, ಜಾತಿ ಕೇಳುವವರಿಲ್ಲ, ಅದು ಖರೆ. ಆದರೆ ಆ ಹೆಸರು ಓದುವವನ ಮನಸ್ಸಿಗೆ ಏನು ಹೇಳುತ್ತದೆ? ಕೈ ಯಾರದು ಎಂದು ಹೇಳುತ್ತದೆ. ಆ ಕೈಯಿಂದ ಬಂದದ್ದು ಶುದ್ಧ, ರುಚಿ ಎಂದು ಭರವಸೆ ಕೊಡುತ್ತದೆ. 1957ರಲ್ಲಿ ಮದ್ರಾಸಿನ ಟ್ರಿಪ್ಲಿಕೇನಿನಲ್ಲಿ ಮುರಳಿ ಕೆಫೆ ಎಂಬ ಹೋಟೆಲಿನ ಫಲಕದ ಮೇಲೆ ಇದೇ ಶಬ್ದವಿತ್ತು. ಪೆರಿಯಾರರ ಅನುಯಾಯಿಗಳು ದಿನವೂ ಅದರ ಮುಂದೆ ನಿಂತು, ದಿನವೂ ಬಂಧನಕ್ಕೊಳಗಾಗಿ, ಕಡೆಗೆ ಆ ಶಬ್ದ ಕೆಳಗಿಳಿಯುವವರೆಗೆ ಬಿಡಲಿಲ್ಲ. ನಮ್ಮ ಪುರವಣಿಗಳಿಗೆ ಮಾತ್ರ ಆ ಶಬ್ದ ಪರಂಪರೆಯ ಪರಿಮಳ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ 1943ರಿಂದ ಇತಿಹಾಸವಿದೆ. ಆ ಬಜಾರಿಗೆ ಕನ್ನಡ ಕಾವ್ಯದಲ್ಲೂ ಜಾಗವಿದೆ. ನಿಸಾರ್ ಅಹಮದರು 1960ರಲ್ಲಿ ತಮ್ಮ ಮೊದಲ ಸಂಕಲನಕ್ಕೆ 'ಮನಸು ಗಾಂಧಿಬಜಾರು' ಎಂದೇ ಹೆಸರಿಟ್ಟರು. ಒಂದು ಪೇಟೆ ಒಬ್ಬ ಕವಿಗೆ ಅಷ್ಟು ಹತ್ತಿರವಾಗುವುದನ್ನು ನಾವು ಅಲ್ಲಗಳೆಯುವುದಿಲ್ಲ, ಗೌರವಿಸುತ್ತೇವೆ. ಆದರೆ ನಮ್ಮ ಮನಸ್ಸು ಯಾವ ಬಜಾರು? ಇಂಡಿಯ ಸಂತೆಯೇ? ಸಿಂದಗಿಯ ಬಸ್‌ಸ್ಟ್ಯಾಂಡೇ? ಅಲ್ಲಿ ಚಹಾ ಕುಡಿದ ನೆನಪುಗಳನ್ನು ನಮ್ಮ ಹಿರಿಯರು ಇಷ್ಟು ಮಧುರವಾಗಿ ಹೇಳಿದ್ದನ್ನು ನಾವು ಕೇಳಿಲ್ಲ.

ನಮ್ಮ ಕಡೆಯ ಹಳೇ ಚಾದಂಗಡಿಯನ್ನು ನೋಡದವರಿಗೆ ಒಂದಿಷ್ಟು ವಿವರ ಕೊಡಬೇಕು. ತಗಡಿನ ಮಾಡು, ಮುಂದೆ ಒಲೆ, ಗಾಜಿನ ಬರಣಿಯಲ್ಲಿ ಬಿಸ್ಕೀಟು, ಪುಟ್ಟಿಯಲ್ಲಿ ಭಜಿ, ಒಳಗೆ ಎರಡು ಬಾಕು. ಊರವರಿಗೆ ಕಪ್ಪು-ಬಸಿ. ಕೇರಿಯವರಿಗೆ ಗಿಲಾಸು. ಆ ಗಿಲಾಸು ಅಂಗಡಿಯ ಒಳಗೆ ಇರುತ್ತಿರಲಿಲ್ಲ. ಹೊರಗೋಡೆಯ ಗೂಡಿನಲ್ಲೋ ಮಾಡಿನ ಗಳದ ಸಂದಿಯಲ್ಲೋ ಇರುತ್ತಿತ್ತು. ಬಂದವನು ತಾನೇ ಅದನ್ನು ತೆಗೆದುಕೊಳ್ಳಬೇಕು, ತಾನೇ ತೊಳೆಯಬೇಕು, ಮುಂದೆ ಚಾಚಬೇಕು. ಅಂಗಡಿಯವನು ತಗುಲದ ಹಾಗೆ ಮೇಲಿನಿಂದ ಸುರುವುತ್ತಾನೆ. ಕುಡಿದಾದ ಮೇಲೆ ಮತ್ತೆ ತೊಳೆದು ಬೋರಲು ಹಾಕಿ ಇಟ್ಟ ಜಾಗದಲ್ಲೇ ಇಡಬೇಕು. ಚಿಲ್ಲರೆಯನ್ನು ಕೈಗೆ ಕೊಡುವಂತಿಲ್ಲ, ಹಲಗೆಯ ಮೇಲೆ ಇಡಬೇಕು. ರೊಕ್ಕಕ್ಕೆ ಮೈಲಿಗೆ ಇರಲಿಲ್ಲ ಅನ್ನುವುದು ನಿಮ್ಮ ಗಮನಕ್ಕೆ ಬಂದಿರಬಹುದು.

'ತಮ್ಮಾ, ಅಲ್ಲೇ ಹೊರಗ ಕುಂಡ್ರು' ಅನ್ನುವ ಮಾತಿನಲ್ಲಿ ಸಿಟ್ಟೂ ಇರುತ್ತಿರಲಿಲ್ಲ. ಸಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಬೆಂಗಳೂರಿನ ಲೇಖಕರು ತಮ್ಮ ಹೋಟೆಲಿನ ಯಜಮಾನರನ್ನು ನೆನೆಯುವ ಹಾಗೆ ನಮ್ಮ ಅಪ್ಪಂದಿರೂ ಅಂಗಡಿಯವನನ್ನು ನೆನೆಯುತ್ತಾರೆ: 'ಛಲೋ ಮನಶ್ಯಾ ಇದ್ದ, ಬ್ಯಾಸಗ್ಯಾಗ ಉದ್ರಿ ಕೊಡತಿದ್ದ.' ಆ ಛಲೋತನದ ಪಕ್ಕದಲ್ಲೇ ಗಿಲಾಸು ಹೊರಗೆ ಬೋರಲಾಗಿ ಬಿದ್ದಿತ್ತು.

ಕಾನೂನು ಇರಲಿಲ್ಲವೆಂದಲ್ಲ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿತ್ತು. ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ ಬೋಲೆಯವರ ಠರಾವನ್ನು ಒಪ್ಪಿದ್ದು 1923ರಲ್ಲಿ. ಅದೇ ಸರಕಾರ 1946ರಲ್ಲಿ ಹರಿಜನರ ಸಾಮಾಜಿಕ ನಿರ್ಬಂಧಗಳನ್ನು ತೆಗೆಯುವ ಕಾಯ್ದೆ ಮಾಡಿತು. 1950ರ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಹೋಟೆಲು ಎಂಬ ಶಬ್ದಗಳೇ ಇವೆ. ಬಾಬಾಸಾಹೇಬರಿಗೆ ಚಾದಂಗಡಿಯ ಮಹತ್ವ ಗೊತ್ತಿತ್ತು. ಆಮೇಲೆ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಲ್ಲಿ ಅದಕ್ಕೇ ನಾಗರಿಕ ಹಕ್ಕುಗಳ ಸಂರಕ್ಷಣೆ ಎಂಬ ಹೊಸ ಹೆಸರು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ. ಈ ಕಾಗದಗಳನ್ನೆಲ್ಲ ಪೇರಿಸಿದರೆ ಚಾದಂಗಡಿಯ ಒಲೆಗೆ ಒಂದು ತಿಂಗಳ ಉರಿಗೆ ಸಾಕು.

ಪೇಟೆಗೆ ಬಂದರೆ ಖಾನಾವಳಿ. ಬೋರ್ಡಿನ ಮೇಲೇ ಜಾತಿ. 'ಲಿಂಗಾಯತ ಖಾನಾವಳಿ' ಅನ್ನುವ ಫಲಕ ನಮ್ಮ ಕಡೆ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಇದು ಬಸವಣ್ಣ ಹುಟ್ಟಿದ ಬಾಗೇವಾಡಿಯ ನಾಡು. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ನಂಟು ಬೆಳೆದದ್ದಕ್ಕೆ 12ನೇ ಶತಮಾನದ ಕಲ್ಯಾಣ ಹೊತ್ತಿ ಉರಿಯಿತು. ಆ ಬಸವೇಶ್ವರನ ಹೆಸರಿನಲ್ಲೇ ಎಷ್ಟೋ ಖಾನಾವಳಿಗಳು ನಡೆಯುತ್ತವೆ. ಅಲ್ಲಿನ ಪಂಕ್ತಿಯಲ್ಲಿ ಹರಳಯ್ಯನ ವಂಶದವರಿಗೆ ಎಲ್ಲಿ ಜಾಗವಿತ್ತು ಅನ್ನುವುದನ್ನು ಜಯಂತಿಯ ವೇದಿಕೆಯ ಮೇಲೆ ಹೇಳುವವರು ಅಪರೂಪ.

ಆಮೇಲೆ ಪ್ಲಾಸ್ಟಿಕ್ ಕಪ್ಪು ಬಂತು, ಅದರ ಹಿಂದೆ ಪೇಪರ್ ಕಪ್ಪು ಬಂತು. ಈ ಪೇಪರ್ ಕಪ್ಪಿನ ಬಗ್ಗೆ ಕನ್ನಡದಲ್ಲಿ ಯಾರಾದರೂ ಒಂದು ಪ್ರಬಂಧ ಬರೆಯಬೇಕು. ಶಾಸನಸಭೆ, ಸಂಸತ್ತು, ಪೊಲೀಸ್ ಠಾಣೆ ಯಾವುದೂ ಮಾಡಲಾಗದ ಕೆಲಸವನ್ನು ಅದು ಸದ್ದಿಲ್ಲದೆ ಮಾಡಿತು ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಗೌಡನಿಗೂ ಅದೇ ಕಪ್ಪು, ಮಾದರವನಿಗೂ ಅದೇ ಕಪ್ಪು. ಎರಡು ಗಿಲಾಸಿನ ಪದ್ಧತಿ ಹೋಯಿತೆಂದು ಅಧಿಕಾರಿಗಳು ವರದಿ ಬರೆದುಕೊಳ್ಳಬಹುದು. ಆದರೆ ನಡೆದದ್ದೇನು? ಒಬ್ಬರು ಕುಡಿದ ಗಿಲಾಸನ್ನು ಇನ್ನೊಬ್ಬರು ಮುಟ್ಟುವ ಪ್ರಸಂಗವನ್ನೇ ತೆಗೆದುಹಾಕಲಾಯಿತು. ಕೇರಿಯವನ ತುಟಿ ತಾಗಿದ್ದನ್ನು ತೊಳೆದು ಊರವನಿಗೆ ಕೊಡುವ ದಿನ ಬರಲೇ ಇಲ್ಲ. ಕುಡಿದದ್ದನ್ನು ಎಸೆಯುವ ದಿನ ಬಂತು. ಮನಸ್ಸು ಬದಲಾಗುವ ಕಷ್ಟವನ್ನು ಒಂದು ರೂಪಾಯಿಯೂ ಬಾಳದ ಕಾಗದ ತಪ್ಪಿಸಿತು. ಬೆಂಗಳೂರಿನ ಕಂಪನಿ ಅಂಗಡಿಯ ಕೈಯಲ್ಲಿರುವುದೂ ಹೆಚ್ಚಾಗಿ ಇದೇ ಕಾಗದದ ಕಪ್ಪು. ಎರಡಕ್ಕೂ ಇರುವ ನಂಟನ್ನು ಮುಂದೆ ನೋಡೋಣ.

ಈಗ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬರೋಣ. 1995ರಲ್ಲಿ ಅಲ್ಲಿ ಕೆಂಟಕಿ ಚಿಕನ್ನಿನ ಅಂಗಡಿ ತೆರೆಯಿತು. ಬಹುರಾಷ್ಟ್ರೀಯ ಕಂಪನಿ ಬಂತು ಎಂದು ನಾಡೆಲ್ಲ ಗದ್ದಲವಾಯಿತು. 1996ರ ಜನವರಿ 30ರಂದು, ಗಾಂಧಿ ಸತ್ತ ದಿನ, ಪ್ರೊ. ನಂಜುಂಡಸ್ವಾಮಿಯವರ ರೈತಸಂಘದ ಕಾರ್ಯಕರ್ತರು ಆ ಅಂಗಡಿಗೆ ನುಗ್ಗಿ ಪುಡಿ ಮಾಡಿದರು. ಆರು ತಿಂಗಳೂ ಕಳೆದಿರಲಿಲ್ಲ, ಅದೇ ವರ್ಷದ ಜುಲೈಯಲ್ಲಿ ಅದೇ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಅಂಗಡಿ ಬಾಗಿಲು ತೆರೆಯಿತು. ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದ ವಿ.ಜಿ. ಸಿದ್ಧಾರ್ಥ ಅದರ ಒಡೆಯರು. ಅದರ ಮೇಲೆ ಯಾರೂ ಕಲ್ಲು ಎಸೆಯಲಿಲ್ಲ. ಎಸೆಯಬೇಕಿತ್ತು ಎಂದು ನಾವು ಹೇಳುತ್ತಿಲ್ಲ. ಯಾರೂ ಒಂದು ಪ್ರಶ್ನೆಯನ್ನೂ ಎಸೆಯಲಿಲ್ಲವಲ್ಲ ಎಂಬುದೇ ನಮ್ಮ ಅಚ್ಚರಿ. ಒಡೆಯ ನಮ್ಮವನು, ಬೆಳೆ ನಮ್ಮದು, ಮಣ್ಣು ನಮ್ಮದು. ಅಲ್ಲಿಗೆ ಮಾತು ಮುಗಿಯಿತು. ಚಳವಳಿಯ ಕಣ್ಣಿಗೆ ಕಂಪನಿ ಕಂಡಿತು, ತೋಟ ಕಾಣಲಿಲ್ಲ.

ತೋಟವನ್ನು ಸ್ವಲ್ಪ ನೋಡಬೇಕು. 1942ರ ಕಾಫಿ ಕಾಯ್ದೆಯಿಂದ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು, ಮಂಡಳಿ ಹರಾಜು ಹಾಕುತ್ತಿತ್ತು. 1990ರ ದಶಕದ ಉದಾರೀಕರಣದಲ್ಲಿ ಆ ಕಟ್ಟು ಒಂದೊಂದಾಗಿ ಸಡಿಲಾಗಿ 1996ರ ಹೊತ್ತಿಗೆ ಪೂರ್ತಿ ಬಿಚ್ಚಿತು. ದೊಡ್ಡ ಬೆಳೆಗಾರ ತನ್ನ ಕಾಫಿಯನ್ನು ತಾನೇ ಹುರಿದು, ತಾನೇ ಪುಡಿ ಮಾಡಿ, ತಾನೇ ಲೋಟಕ್ಕೆ ಹಾಕಿ ಮಾರಬಹುದಾದ ಕಾಲ ಅದು. ಗಿಡದಿಂದ ಕಪ್ಪಿನವರೆಗೆ ಒಂದೇ ಕೈ. ಆ ಕೈಗೆ ಅಷ್ಟು ಭೂಮಿ ಎಲ್ಲಿಂದ ಉಳಿಯಿತು? 1974ರಲ್ಲಿ ದೇವರಾಜ ಅರಸರ ಸರಕಾರ ಭೂಸುಧಾರಣೆ ಕಾಯ್ದೆಗೆ ಹಲ್ಲು ಕೊಟ್ಟಿತೆಂದು ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವೆ. ಆ ಕಾಯ್ದೆಯ ಭೂಮಿತಿ ಕಾಫಿ, ಚಹಾ, ರಬ್ಬರು, ಏಲಕ್ಕಿ, ಮೆಣಸಿನ ತೋಟಗಳಿಗೆ ತಗಲಲಿಲ್ಲ ಅನ್ನುವ ಸಾಲನ್ನು ಮಾತ್ರ ನಮಗೆ ಯಾವ ಮೇಷ್ಟರೂ ಒತ್ತಿ ಹೇಳಲಿಲ್ಲ. ಮುಂದೆ 2022ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಸರಕಾರಿ ಜಮೀನನ್ನು ಒತ್ತುವರಿ ಮಾಡಿ ತೋಟ ಎಬ್ಬಿಸಿದವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಕೊಡುವ ದಾರಿಯನ್ನೂ ಮಾಡಲಾಯಿತು. ನಮ್ಮ ನಾಲ್ಕು ತಾಲೂಕಿನ ಕೇರಿಗಳಲ್ಲಿ ಎರಡೆಕರೆ ಗಾಯರಾಣಕ್ಕೆ ಅರ್ಜಿ ಹಾಕಿ ತಹಸೀಲ್ದಾರರ ಕಚೇರಿಯ ಮೆಟ್ಟಿಲು ಸವೆಸಿದವರು ಈ ಎರಡು ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಆ ಸರಪಳಿ ಬೆಳೆಯಿತು. 2019ರ ಹೊತ್ತಿಗೆ ದೇಶದಲ್ಲಿ ಅದರ ಅಂಗಡಿಗಳು 1700 ದಾಟಿದ್ದವು. ಆ ವರ್ಷದ ಜುಲೈ ಕೊನೆಯಲ್ಲಿ ಸಿದ್ಧಾರ್ಥ ಸಾಲದ ಭಾರದಲ್ಲಿ ನೇತ್ರಾವತಿಯಲ್ಲಿ ಸಾವು ಕಂಡರು. ಆ ಸಾವಿನ ಮೇಲೆ ನಮಗೆ ಹೇಳುವುದೇನಿಲ್ಲ, ಸಂಕಟವಿದೆ. ಐದೇ ವರ್ಷದಲ್ಲಿ ಅಂಗಡಿಗಳ ಸಂಖ್ಯೆ ಐದುನೂರಕ್ಕೂ ಕೆಳಗಿಳಿಯಿತು. ಅಷ್ಟರಲ್ಲಿ ಬೇರೆಯವರು ಬಂದಿದ್ದರು: 2012ರಲ್ಲಿ ಟಾಟಾದವರ ಕೈ ಹಿಡಿದು ಅಮೆರಿಕದ ಸ್ಟಾರ್‌ಬಕ್ಸ್ ದೇಶಕ್ಕೆ ಬಂತು, ಡೋನಟ್ಟಿನ ಕಂಪನಿಗಳು ಬಂದವು, 2016ರಲ್ಲಿ ಥರ್ಡ್ ವೇವ್ ಎಂಬುದು ಬೆಂಗಳೂರಿನಲ್ಲೇ ಹುಟ್ಟಿತು. ನಮ್ಮ ಕಡೆಗೂ ಗಾಳಿ ಬೀಸದೆ ಬಿಟ್ಟಿಲ್ಲ. ಪುಣೆಯ ಕಡೆಯಿಂದ ಅಮೃತತುಲ್ಯ ಎಂಬ ಹೆಸರಿನ ಚಹಾದ ಅಂಗಡಿಗಳು ಗಡಿ ದಾಟಿವೆ.

ಕಾಫಿ ಡೇಯವರ ಜಾಹೀರಾತಿನಲ್ಲಿ ಕಾಫಿ ಕುಡಿಯುತ್ತ ಕೂತರೆ ಏನೇನೋ ಆದೀತು ಅನ್ನುವ ಅರ್ಥದ ಘೋಷಣೆಯಿತ್ತು. ಪ್ರೇಮ ಆದೀತು, ವ್ಯಾಪಾರ ಆದೀತು ಎಂದು ಅದರ ಇಂಗಿತ. ನಮ್ಮ ಉತ್ತರ ಕರ್ನಾಟಕದಲ್ಲೂ ಒಂದು ಕಪ್ಪು ಚಹಾದ ಮೇಲೆ ಬಹಳ ಆಗುತ್ತದೆ. 2014ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅದರ ಹಿಂದೆ ಇದ್ದದ್ದು ಊರಿನ ಹೋಟೆಲು ಮತ್ತು ಕ್ಷೌರದಂಗಡಿಗೆ ದಲಿತರನ್ನು ಸೇರಿಸದ ತಕರಾರು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರಲ್ಲಿ ಬಹುಪಾಲು ಜನರಿಗೆ ಮುಂದಿನ ತಿಂಗಳೇ ಹೈಕೋರ್ಟಿನಿಂದ ಜಾಮೀನೂ ಸಿಕ್ಕಿತು. ಬೆಂಗಳೂರಿನಲ್ಲಿ ಒಂದು ಹೋಟೆಲು ಮುಚ್ಚಿದ್ದಕ್ಕೆ ಅರ್ಧ ಪುಟ ಅತ್ತ ಪುರವಣಿಗಳು, ಒಂದು ಹೋಟೆಲಿನ ಒಳಗೆ ಕಾಲಿಡಲು ಇಷ್ಟು ಬೆಲೆ ತೆತ್ತ ಊರಿನ ಬಗ್ಗೆ ಒಂದು ನೆನಪಿನ ಪ್ರಬಂಧವನ್ನು ಪ್ರಕಟಿಸಿದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ.

ಬಡಾವಣೆ ಬದಲಾಯಿತು ಎಂದು ಅಳುವವರು ಕೋರಮಂಗಲದ ಹೆಸರನ್ನು ಹೆಚ್ಚಾಗಿ ಹೇಳುತ್ತಾರೆ. ಮರ ಹೋಯಿತು, ಮನೆ ಹೋಯಿತು, ಬೀದಿತುಂಬ ಕೆಫೆ ಬಂತು. ಸರಿ. ಅದೇ ಕೋರಮಂಗಲದ ಅಂಚಿನಲ್ಲಿ ಈಜಿಪುರದ ಇ.ಡಬ್ಲ್ಯು.ಎಸ್. ಕ್ವಾರ್ಟರ್ಸ್ ಇತ್ತು, ಆರ್ಥಿಕವಾಗಿ ದುರ್ಬಲರಿಗೆಂದು ಕಟ್ಟಿದ ಮನೆಗಳು. ಕಳಪೆ ಕಟ್ಟಡಗಳಲ್ಲಿ ಒಂದು 2007ರಲ್ಲಿ ಕುಸಿದ ಮೇಲೆ ಜನ ತಗಡಿನ ಶೆಡ್ಡಿಗೆ ಬಿದ್ದರು. ಜಾಗದ ಅರ್ಧದಲ್ಲಿ ವಾಣಿಜ್ಯ ಕಟ್ಟಡ ಎಬ್ಬಿಸುವ ಖಾಸಗಿಯವರ ಜೊತೆ ಪಾಲಿಕೆ ಒಪ್ಪಂದ ಮಾಡಿಕೊಂಡಿತು. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಜೆಸಿಬಿ ನುಗ್ಗಿತು. ಸುಮಾರು 1500 ಕುಟುಂಬಗಳು, ಅವರಲ್ಲಿ ಹೆಚ್ಚಿನವರು ದಲಿತರು, ಬೀದಿಗೆ ಬಂದರು. ಚಳಿಯಲ್ಲಿ ಫುಟ್‌ಪಾತಿನಲ್ಲೇ ಅಡಿಗೆ ಮಾಡಿ ಮಕ್ಕಳನ್ನು ಮಲಗಿಸಿದವರಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಮೊದಲ ಸ್ಟಾರ್‌ಬಕ್ಸ್ ತೆರೆದದ್ದು ಅದೇ ಕೋರಮಂಗಲದಲ್ಲಿ. ಒಂದರಿಂದ ಇನ್ನೊಂದು ಆಯಿತೆಂದು ನಾವು ಹೇಳುವುದಿಲ್ಲ. ಕಾಫಿ ಅಂಗಡಿಯವರು ಗುಡಿಸಲು ಕೆಡವಲಿಲ್ಲ. ಆದರೆ ಒಂದು ಬಡಾವಣೆಯ ನೆಲ ಚದರಡಿಯ ಲೆಕ್ಕಕ್ಕೆ ಬಂದಮೇಲೆ ಯಾರು ಹೊರಗೆ ಹೋಗುತ್ತಾರೆ, ಯಾರು ಒಳಗೆ ಬರುತ್ತಾರೆ ಅನ್ನುವುದಕ್ಕೆ ಆ ಒಂದೇ ವರ್ಷ ಸಾಕಲ್ಲವೇ? ಹೋಟೆಲು ಹೋದದ್ದು ಕಡೆಗೆ. ಮನೆ ಹೋದದ್ದು ಮೊದಲು. ಸೂತಕದ ಲೇಖನಗಳು ಕಡೆಯದರಿಂದ ಶುರು ಮಾಡುತ್ತವೆ.

ಇಷ್ಟು ಹೇಳಿದ ಮೇಲೆ ಗಾಜಿನ ಬಾಗಿಲಿನ ಬಗ್ಗೆ ನಾವು ಬೈಗಳ ಬರೆಯುತ್ತೇವೆಂದು ಓದುಗರು ಎಣಿಸಿರಬಹುದು. ಅಷ್ಟು ಸುಲಭವಿಲ್ಲ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ ಓದಿ ಬೆಂಗಳೂರು ಸೇರಿದ ನಮ್ಮ ತಂಗಿಯೊಬ್ಬಳು ಮೊದಲ ಪಗಾರದಲ್ಲಿ ಅಂಥ ಅಂಗಡಿಗೆ ಹೋಗಿ ಎರಡು ತಾಸು ಒಬ್ಬಳೇ ಕೂತುಬರುತ್ತಾಳೆ. 'ಯಾ ಊರವ್ವಾ? ಯಾರ ಪೈಕಿ?' ಎಂದು ಯಾರೂ ಕೇಳುವುದಿಲ್ಲ. ಅದನ್ನು ಕೊಳ್ಳುಬಾಕತನ ಎಂದು ಹೀಗಳೆಯುವ ನಮ್ಮದೇ ಬಳಗದ ಕ್ರಾಂತಿಕಾರಿಗಳಿಗೆ ನಾವು ಹೇಳುವುದಿಷ್ಟು: ಆ ಎರಡು ತಾಸಿನ ಬೆಲೆ ನಿಮಗೆ ಗೊತ್ತಿಲ್ಲ. ಅವಳ ಅಜ್ಜನಿಗೆ ಯಾವ ಬಾಕಿನ ಮೇಲೂ ಸಿಗದಿದ್ದದ್ದು ಅದು. ಇನ್ನೊಂದೂ ಇದೆ. ಅಂಥ ಅಂಗಡಿಯಲ್ಲಿ ಏಪ್ರನ್ ಕಟ್ಟಿ ಕಾಫಿ ಮಾಡುವ ಕೆಲಸಕ್ಕೆ ನಮ್ಮ ಹುಡುಗರೂ ಸೇರುತ್ತಾರೆ. ಅವರ ಕೈಯ ಕಾಫಿಯನ್ನು ಗೌಡರ ಮಗನೂ ಕುಡಿಯುತ್ತಾನೆ, ಶಾನುಭೋಗರ ಮಗಳೂ ಕುಡಿಯುತ್ತಾಳೆ. ಊರಿನಲ್ಲಿ ಅದೇ ಕೈ ಮುಟ್ಟಿದ ನೀರನ್ನು ಚೆಲ್ಲುವ ಮನೆಗಳಿವೆ.

ಹಾಗಾದರೆ ಜಾತಿ ಹೋಯಿತೇ? ಸ್ಟಾರ್‌ಬಕ್ಸಿನಲ್ಲಿ ಕಪ್ಪಿನ ಮೇಲೆ ಹೆಸರು ಬರೆಯುವ ಪದ್ಧತಿಯಿದೆ. ಹೆಸರು ಮಾತ್ರ, ಅಡ್ಡಹೆಸರು ಬೇಡ. ನಮ್ಮ ಕಡೆ ಹೆಸರಿಗಿಂತ ಅಡ್ಡಹೆಸರೇ ಮುಂದೆ ಓಡುತ್ತದೆ ಅನ್ನುವುದು ನಿಮಗೆ ಗೊತ್ತು. ಮಾದರ, ಚಲವಾದಿ, ಹರಿಜನ ಎಂದು ಶಾಲೆಯ ದಾಖಲೆಯಲ್ಲಿ ಬರೆಸಿದ ಶಬ್ದ ಸರ್ಟಿಫಿಕೇಟಿನ ತುಂಬ ಹಿಂಬಾಲಿಸುತ್ತದೆ. ಕಪ್ಪಿನ ಮೇಲೆ ಅದನ್ನು ಬರೆಯುವುದಿಲ್ಲವಾದ್ದರಿಂದ ಒಂದು ಗಳಿಗೆ ಹಗುರ. ಅದೇ ಹುಡುಗ ಅದೇ ಬೀದಿಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಅಡ್ಡಹೆಸರು ಕೇಳುತ್ತಾರೆ, ಮಾಂಸ ತಿನ್ನುವಿರಾ ಎಂದು ಕೇಳುತ್ತಾರೆ. ಕಂಪನಿ ಅಂಗಡಿ ನಮ್ಮನ್ನು ಒಳಗೆ ಬಿಟ್ಟದ್ದು ನಾವು ಯಾರೆಂದು ತಿಳಿಯದೆ. ಪೇಪರ್ ಕಪ್ಪಿಗೂ ಇದಕ್ಕೂ ಇರುವ ನಂಟು ಇದೇ. ಅಲ್ಲಿ ಗಿಲಾಸು ಮಾಯ, ಇಲ್ಲಿ ಅಡ್ಡಹೆಸರು ಮಾಯ. ನಾವು ಯಾರೆಂದು ಹೇಳಿ, ಹೇಳಿದ ಮೇಲೂ ಅದೇ ಕುರ್ಚಿ, ಅದೇ ಕಪ್ಪು ಸಿಗಬೇಕು. ಅದಕ್ಕೆ ಹೋರಾಟ ಅನ್ನುತ್ತೇವೆ.

ಆ ಹೋರಾಟದ ಒಂದು ಚಿತ್ರ ಅಮೆರಿಕದಲ್ಲಿದೆ. ವುಲ್‌ವರ್ತ್ ಎಂಬುದು ಅಲ್ಲಿನ ದೊಡ್ಡ ಸರಪಳಿ ಅಂಗಡಿ. ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊ ಊರಿನ ಅದರ ಶಾಖೆಯಲ್ಲಿ ಕರಿಯರು ಸಾಮಾನು ಕೊಳ್ಳಬಹುದಿತ್ತು, ತಿಂಡಿಯ ಕಟ್ಟೆಗೆ ಕೂತು ತಿನ್ನುವಂತಿರಲಿಲ್ಲ. ಅಲ್ಲೂ ರೊಕ್ಕಕ್ಕೆ ಮೈಲಿಗೆಯಿಲ್ಲ ನೋಡಿ. 1960ರ ಫೆಬ್ರುವರಿ 1ರಂದು ನಾಲ್ವರು ಕಾಲೇಜು ಹುಡುಗರು ಹೋಗಿ ಆ ಕಟ್ಟೆಯ ಮುಂದೆ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅಂಗಡಿ ಮುಚ್ಚುವವರೆಗೆ ಏಳಲಿಲ್ಲ. ಮರುದಿನ ಇನ್ನಷ್ಟು ಜನ, ವಾರದಲ್ಲಿ ನೂರಾರು ಜನ. ಜುಲೈ 25ರಂದು ಕಟ್ಟೆ ತೆರೆಯಿತು. ಅವತ್ತು ಮೊದಲು ಕೂತು ಉಂಡವರು ಅದೇ ಅಂಗಡಿಯ ಕರಿಯ ಕೆಲಸಗಾರರು. ಅವರಿಗೆ ಬೇಕಾಗಿದ್ದದ್ದು ಕಾಫಿಯೇ? ಮನೆಯಲ್ಲಿ ಕುಡಿಯಬಹುದಿತ್ತು. ಇದಾಗಿ 58 ವರ್ಷದ ಮೇಲೆ, 2018ರ ಏಪ್ರಿಲಿನಲ್ಲಿ, ಫಿಲಡೆಲ್ಫಿಯಾದ ಒಂದು ಸ್ಟಾರ್‌ಬಕ್ಸಿನಲ್ಲಿ ಏನೂ ಕೊಳ್ಳದೆ ಗೆಳೆಯನಿಗಾಗಿ ಕಾಯುತ್ತ ಕೂತಿದ್ದ ಇಬ್ಬರು ಕರಿಯ ಯುವಕರನ್ನು ಪೊಲೀಸರು ಕೈಕೋಳ ಹಾಕಿ ಒಯ್ದರು. ಕಂಪನಿ ಕ್ಷಮೆ ಕೇಳಿತು, ಮೇ 29ರಂದು ದೇಶದ 8000 ಅಂಗಡಿಗಳನ್ನು ಒಂದು ಮಧ್ಯಾಹ್ನ ಮುಚ್ಚಿ ನೌಕರರಿಗೆ ಪಾಠ ಹೇಳಿತು. ಸರಪಳಿ ಅಂಗಡಿಗೆ ಸ್ವಂತದ ಜಾತಿ, ಬಣ್ಣ ಇರಲಿಕ್ಕಿಲ್ಲ. ಅದು ನಿಂತ ನೆಲದ ಜಾತಿ ಬಣ್ಣಗಳು ಬಾಗಿಲ ಸಂದಿಯಿಂದ ಒಳಗೆ ಬರುತ್ತವೆ.

ನಮ್ಮ ನೆಲದಲ್ಲಿ ಅದು ಬರುವ ದಾರಿ ರೊಕ್ಕದ್ದು. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಒಂದು ದಿನದ ಕೂಲಿ 370 ರೂಪಾಯಿ ಇತ್ತು. ಇಡೀ ದಿನ ಬಿಸಿಲಿನಲ್ಲಿ ಬದು ಹಾಕಿದ ನಮ್ಮ ಅವ್ವ ಆ ಕೂಲಿಯಲ್ಲಿ ಅಲ್ಲಿ ಎರಡನೇ ಕಪ್ಪು ಕುಡಿಯುವುದು ಕಷ್ಟ. ಯಾರನ್ನೂ ಹೊರಗೆ ನಿಲ್ಲಿಸುವ ಅಗತ್ಯವೇ ಅವರಿಗೆ ಬೀಳುವುದಿಲ್ಲ. ಆದರೂ ಹೊರಗಿನ ಕಟ್ಟೆ ಪೂರ್ತಿ ಹೋಗಿಲ್ಲ. ಸಂಜೆ ಹೊತ್ತು ಯಾವುದೇ ಅಂಥ ಬೀದಿಯಲ್ಲಿ ನಿಂತು ನೋಡಿ: ಪಾರ್ಸಲ್ ಒಯ್ಯಲು ಬಂದ ಡೆಲಿವರಿ ಹುಡುಗರು ಫುಟ್‌ಪಾತಿನಲ್ಲಿ ಬೈಕಿನ ಮೇಲೆ ಕೂತು ಕಾಯುತ್ತಿರುತ್ತಾರೆ. ಒಳಗೆ ಕುರ್ಚಿ ಖಾಲಿಯಿದ್ದರೂ ಅವರು ಒಳಗೆ ಕೂಡ್ರುವುದಿಲ್ಲ. ಕೂಡ್ರಬೇಡಿ ಎಂದು ಬರೆದು ಹಾಕಿರುವುದಿಲ್ಲ. ನಮ್ಮ ಊರಿನ ಚಾದಂಗಡಿಯಲ್ಲೂ ಬರೆದು ಹಾಕಿರಲಿಲ್ಲ.

ಇನ್ನು ನಮ್ಮ ಬಳಗದ ಕವಿಗಳಿಗೆ ಎರಡು ಮಾತು. ಈ ವಿಷಯದ ಮೇಲೆ ಪತ್ರಿಕೆಗೆ ಬರುವ ಪದ್ಯಗಳಲ್ಲಿ ಕಾಫಿ ಕಪ್ಪಿನ ತುಂಬ ರಕ್ತ ಇರುತ್ತದೆ. ಓದಿ ಓದಿ ನಮಗೆ ಆ ರಕ್ತ ಆರಿದ ಕಾಫಿಯಂತೆ ರುಚಿ ಕೆಟ್ಟಿದೆ. ಪುರವಣಿಯವರು ನೊರೆ ನೋಡಿ ಅತ್ತರೆ ನೀವು ರಕ್ತ ನೋಡಿ ಅಳುತ್ತೀರಿ; ಗಿಲಾಸು ಎಲ್ಲಿತ್ತು ಅನ್ನುವುದನ್ನು ಇಬ್ಬರೂ ಬರೆಯುವುದಿಲ್ಲ. ಮುದ್ದೇಬಿಹಾಳದಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರು 1994ರಲ್ಲಿ 'ಗೌರ್ಮೆಂಟ್ ಬ್ರಾಹ್ಮಣ' ಬರೆದರು. ಊರಿನ ನೆನಪು ಅಂದರೆ ಸಿಹಿಯಾಗಿರಲೇಬೇಕು ಅನ್ನುವ ಕನ್ನಡದ ರೂಢಿಯನ್ನು ಮುರಿದ ಪುಸ್ತಕಗಳಲ್ಲಿ ಅದೊಂದು. ಅದರ ಬಲ ಇರುವುದು ಕಂಡದ್ದನ್ನು ಕಂಡ ಹಾಗೆ ಇಡುವ ಧೈರ್ಯದಲ್ಲಿ. ನಮ್ಮ ತಾಲೂಕಿನವರೇ ಹಾಕಿಕೊಟ್ಟ ದಾರಿ ಇರುವಾಗ ನಾವು ಬೆಂಗಳೂರಿನವರ ಅಳುವನ್ನು ಸಾಲ ತರುವುದೇಕೆ?

ಅದಕ್ಕೇ ನಾಲ್ಕು ತಾಲೂಕಿನ ಶಾಲಾ ಶಿಕ್ಷಕರನ್ನೂ ಹಾಸ್ಟೆಲಿನ ಗೆಳೆಯರನ್ನೂ ಸಂಘಟನೆಯ ಕಾರ್ಯಕರ್ತರನ್ನೂ ಒಂದು ಕೆಲಸಕ್ಕೆ ಕೇಳಿಕೊಳ್ಳುತ್ತೇವೆ. ನಿಮ್ಮ ನಿಮ್ಮ ಊರಿನ ಚಾದಂಗಡಿಗಳ ಬಗ್ಗೆ ಬರೆದು ಕಳಿಸಿ. ಕವಿತೆ ಬೇಡ, ಇದ್ದದ್ದನ್ನು ಬರೆಯಿರಿ. ಪೇಪರ್ ಕಪ್ಪು ಯಾವಾಗ ಬಂತು, ಅದಕ್ಕೆ ಮೊದಲು ಗಿಲಾಸು ಎಲ್ಲಿ ಇಡುತ್ತಿದ್ದರು, ಅದನ್ನು ಮೊದಲು ಒಡೆದವರು ಯಾರು, ಒಡೆದದ್ದಕ್ಕೆ ಏನಾಯಿತು ಎಂದು ಹಿರಿಯರನ್ನು ಕೇಳಿರಿ. ಊರವರ ಹೆಸರು ಹಾಕಬೇಡಿ, ಸಂಗತಿ ಸಾಕು. ಜೊತೆಗೆ ಇದನ್ನೂ ತಪ್ಪದೆ ಬರೆಯಿರಿ: ನಿಮ್ಮ ಊರಿನಲ್ಲಿ ಕೇರಿಯವರು ಇಟ್ಟ ಚಾದಂಗಡಿ ಒಂದಾದರೂ ಇದೆಯೇ? ಇದ್ದರೆ ಊರವರು ಅಲ್ಲಿ ಬಂದು ಕೂತು, ಅವರ ಕೈಯ ಚಹಾ ಕುಡಿಯುತ್ತಾರೆಯೇ?